ಟರ್ಬೊ ಗಾಡಿಗೆ ಎಷ್ಟು ಎಂಎಂ ಪೈಪು?

ವ್ಯಾಕ್ಯೂಮ್ ಪೈಪು (ಗಾಳಿಯ ಒತ್ತಡ, ಎಳೆತ ಸಾಗಿಸುವ ಸಣ್ಣ ಪೈಪು) ಬದಲಿಸಬೇಕು ಅಂದರೆ ಗಾಡಿ ಹೆಸರು ಹೇಳಿದರೆ ಸಾಲದು. ಒಂದೇ ಎಂಜಿನ್ನಿನಲ್ಲಿ ಎರಡು ಮೂರು ಸೈಜು ಇರುತ್ತವೆ.

ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ತೋರಿಸುವ ಗೇಜಿಗೆ, ಅದು ಮಿತಿ ಮೀರದಂತೆ ತಡೆಯುವ ವೇಸ್ಟ್‌ಗೇಟಿಗೆ ಸಾಮಾನ್ಯವಾಗಿ 4 ಎಂಎಂ ಒಳವ್ಯಾಸ ಸಾಕು. ಅಲ್ಲಿಗೆ ತಲುಪಬೇಕಾದ್ದು ಒತ್ತಡದ ಸುದ್ದಿ ಅಷ್ಟೇ, ಗಾಳಿ ಜಾಸ್ತಿ ಹರಿಯುವುದಿಲ್ಲ. ಉಳಿದ ಬೂಸ್ಟ್ ಹೊರಬಿಡುವ ಬ್ಲೋ-ಆಫ್ ವಾಲ್ವ್ ಕಥೆ ಬೇರೆ. ಆಕ್ಸಿಲರೇಟರ್ ಬಿಟ್ಟ ಕೂಡಲೇ ಅದರ ಡಯಾಫ್ರಮ್ (ಒಳಗಿನ ತೆಳು ಪೊರೆ) ಮೇಲಿನ ಗಾಳಿ ಖಾಲಿಯಾಗಬೇಕು. ಪೈಪು ತೀರಾ ಸಣ್ಣದಾದರೆ ವಾಲ್ವ್ ತಡವಾಗಿ ತೆರೆಯುತ್ತದೆ. ಗಾಳಿ ಟರ್ಬೊ ಕಡೆಗೇ ವಾಪಸ್ ನುಗ್ಗಿ ಪಟಪಟ ಸದ್ದು! ಅದನ್ನೇ ಸ್ಟೈಲ್ ಅಂದುಕೊಂಡವರೂ ಇದ್ದಾರೆ ಬಿಡಿ. ಅಲ್ಲಿ ನಿಪ್ಪಲ್ (ಪೈಪು ಏರಿಸುವ ಮೂತಿ) ಒಪ್ಪಿದರೆ 6 ಎಂಎಂ ಹಾಕಿ.

ಅಳೆಯಬೇಕಾದ್ದು ಹಳೇ ಪೈಪನ್ನಲ್ಲ, ನಿಪ್ಪಲ್ಲನ್ನು. ಹಳೇ ರಬ್ಬರ್ ಬಿಸಿಗೆ, ಆಯಿಲ್‌ಗೆ ಹಿಗ್ಗಿರುತ್ತದೆ. ಹೊಸದರ ಒಳವ್ಯಾಸ ನಿಪ್ಪಲ್‌ಗಿಂತ ಕೊಂಚ ಕಡಿಮೆಯೇ ಇರಲಿ, ತಿರುಚಿ ತಿರುಚಿ ಏರಿಸಬೇಕು. ಸಡಿಲವಿದ್ದರೂ ಐಡಲ್‌ನಲ್ಲಿ ಸುಮ್ನೆ ಕೂತಿರುತ್ತದೆ. ಬೂಸ್ಟ್ 1 ಬಾರ್ ಮುಟ್ಟಿದಾಗ ಕಿತ್ತುಕೊಂಡು ಹೋಗುತ್ತದೆ. ಒತ್ತಡದಿಂದ ತೆರೆಯುವ ವೇಸ್ಟ್‌ಗೇಟ್ ಆಗಿದ್ದರೆ ಆಮೇಲೆ ಅದು ತೆರೆಯುವುದೇ ಇಲ್ಲ, ಬೂಸ್ಟ್ ಏರುತ್ತಲೇ ಇರುತ್ತದೆ. ಪಿಸ್ಟನ್ ಒಡೆದರೆ ಅದರ ರೇಟು ಗೊತ್ತಲ್ವಾ?

ಲಕ್ಷಗಟ್ಟಲೆ ಬೆಲೆಯ ಎಂಜಿನ್ ಒಂದು ಗೇಣು ಸಿಲಿಕೋನ್ ಪೈಪನ್ನು ನಂಬಿಕೊಂಡಿರುತ್ತದೆ. ಯೋಚಿಸಿದರೆ ನಗು ಬರುತ್ತದೆ, ಸ್ವಲ್ಪ ಭಯವೂ.

ಹ್ಞಾಂ, ಗೋಡೆ ದಪ್ಪ ಇರುವ ಪೈಪನ್ನೇ ಕೇಳಿ. ತೆಳುವಾದದ್ದು ತಿರುವಿನಲ್ಲಿ ಮಡಚಿಕೊಂಡು, ವ್ಯಾಕ್ಯೂಮ್ ಎಳೆದಾಗ ಚಪ್ಪಟೆಯಾಗುತ್ತದೆ. ಬ್ರೇಕ್ ತುಳಿತಕ್ಕೆ ಬಲ ಕೊಡುವ ಬ್ರೇಕ್ ಬೂಸ್ಟರ್ ಪೈಪಿಗೆ ಮಾತ್ರ 'T' ಜಾಯಿಂಟ್ ಹಾಕಿ ಗೇಜು ಜೋಡಿಸಬೇಡಿ ಮಾರಾಯ್ರೇ.