ಕೋಟಿ ಬಂತು ಅಂದರೆ ಎಲ್ಲಿಗೆ ಬಂತು?

"ಕ್ಷೇತ್ರದ ಅಭಿವೃದ್ಧಿಗೆ 50 ಕೋಟಿ ತಂದ ಜನಪ್ರಿಯ ಶಾಸಕರಿಗೆ ಅಭಿನಂದನೆಗಳು." ಇಂಥ ಫ್ಲೆಕ್ಸ್ ಕಟ್ಟಿದ ದಿನ ಆ 50 ಕೋಟಿ ಎಲ್ಲಿರುತ್ತೆ? ಎಷ್ಟೋ ಸಲ ಎಲ್ಲೂ ಇರಲ್ಲ. ಒಂದು ಪತ್ರದ ಮೇಲೆ "ಪರಿಶೀಲಿಸಿ ಕಡತ ಮಂಡಿಸಿ" ಎಂಬ ಷರಾ ಇರುತ್ತೆ, ಅಷ್ಟೇ. ಎರಡು ವರ್ಷ ಆದ ಮೇಲೆ ಅದೇ ರಸ್ತೆಯ ಗುಂಡಿ ನೋಡಿ "50 ಕೋಟಿ ನುಂಗಿ ನೀರು ಕುಡಿದರು" ಅಂತ ಬೈಯುತ್ತೇವೆ. ನುಂಗಿರಬಹುದು. ಬರದೇ ಇರಲೂಬಹುದು. ಎರಡೂ ತಪ್ಪೇ, ಆದರೆ ಬೇರೆ ಬೇರೆ ತಪ್ಪು, ಕೇಳಬೇಕಾದ ಕಚೇರಿಯೂ ಬೇರೆ. ಯಾವುದೆಂದು ಗೊತ್ತಿಲ್ಲದೆ ಬೈದರೆ ನುಂಗಿದವರು, ತರದೇ ಇದ್ದವರು ಇಬ್ಬರೂ ತಪ್ಪಿಸಿಕೊಳ್ಳುತ್ತಾರೆ.

ಸುದ್ದಿಯಲ್ಲಿ ಕೋಟಿ ಕಂಡಾಗ ಅಂಕಿ ಬಿಟ್ಟು ಅದರ ಪಕ್ಕದ ಪದ ನೋಡಿ. "ಘೋಷಣೆ" ಅಂದರೆ ಬಾಯಿಮಾತು, ಭಾಷಣದ ಸಾಲು. "ಸಂಪುಟ ಒಪ್ಪಿಗೆ" ಅಂದರೆ ಮಾಡಬಹುದು ಅಂತ ತೀರ್ಮಾನ. "ಅನುದಾನ ಒದಗಿಸಲಾಗಿದೆ" ಅಂದರೆ ಆಯವ್ಯಯದ, ಅಂದರೆ ಬಜೆಟ್ಟಿನ, ಪುಸ್ತಕದಲ್ಲಿ ಒಂದು ಸಾಲು ಸಿಕ್ಕಿದೆ. "ಆಡಳಿತಾತ್ಮಕ ಅನುಮೋದನೆ" ಅಂದರೆ ಈ ಕಾಮಗಾರಿಗೆ ಇಷ್ಟರವರೆಗೆ ಖರ್ಚು ಮಾಡಬಹುದು ಎಂಬ ಆದೇಶ. "ಬಿಡುಗಡೆ" ಅಂದಾಗ ಮಾತ್ರ ಆರ್ಥಿಕ ಇಲಾಖೆ ಕೈಬಿಚ್ಚಿದೆ, ಅದೂ ಸಾಮಾನ್ಯವಾಗಿ ಕಂತಿನಲ್ಲಿ. ಕೊನೆಯದು "ವೆಚ್ಚ". ಪತ್ರಿಕೆಯ ತಲೆಬರಹ ಈ ಆರನ್ನೂ ಸೇರಿಸಿ "ಬಂಪರ್" ಅಂತ ಒಂದೇ ಪದ ಮಾಡಿಬಿಡುತ್ತೆ. ಒಂದೇ ಸೇತುವೆಗೆ ಆರು ಸಲ ಬಂಪರ್ ಬರುವುದು ಹೀಗೆ.

ವೆಚ್ಚ ಅನ್ನುವುದರಲ್ಲೂ ಒಂದು ಕಳ್ಳದಾರಿ ಇದೆ. ಇಲಾಖೆಯಿಂದ ಯಾವುದೋ ನಿಗಮದ ಠೇವಣಿ ಖಾತೆಗೆ ದುಡ್ಡು ವರ್ಗಾವಣೆಯಾದರೆ ಸರ್ಕಾರದ ಲೆಕ್ಕದಲ್ಲಿ ಅದು ಖರ್ಚಾದಂತೆ. ನಿಗಮದಲ್ಲಿ ಅದು ವರ್ಷಗಟ್ಟಲೆ ಕೊಳೆಯುತ್ತಿರಬಹುದು. ಆರ್ಥಿಕ ವರ್ಷ ಮುಗಿಯುವ ಮಾರ್ಚ್ 31ರ ಹತ್ತಿರ ಹೀಗೆ ದುಡ್ಡು "ನಿಲ್ಲಿಸುವ" ಚಾಳಿಯನ್ನು ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರ (ಸಿಎಜಿ) ವರದಿಗಳು ಎಷ್ಟು ಸಲ ಎತ್ತಿ ಹೇಳಿವೆಯೋ. ಶೇಕಡಾ 95 ಪ್ರಗತಿ ಎಂಬ ಮಂತ್ರಿಗಳ ಹೇಳಿಕೆ ಇಂಥ ವರ್ಗಾವಣೆಯನ್ನೂ ಸೇರಿಸಿಕೊಂಡಿರುತ್ತೆ. ಹಾಗಾಗಿ "ಆರ್ಥಿಕ ಪ್ರಗತಿ", ಅಂದರೆ ಎಷ್ಟು ದುಡ್ಡು ಹೋಯಿತು ಅಂತ ಹೇಳಿದವರನ್ನು "ಭೌತಿಕ ಪ್ರಗತಿ ಎಷ್ಟು?", ಅಂದರೆ ನೆಲದ ಮೇಲೆ ಎಷ್ಟು ಕೆಲಸ ಆಯಿತು ಅಂತ ಕೇಳಬೇಕು. ಇಲಾಖೆಯ ಪ್ರಗತಿ ಪರಿಶೀಲನಾ ಸಭೆಗಳ ವರದಿಯಲ್ಲಿ ಸಾಮಾನ್ಯವಾಗಿ ಎರಡೂ ಕಾಲಂ ಇರುತ್ತವೆ.

ಈಗ ಆಯವ್ಯಯದ ಪುಸ್ತಕ. ಭಾಷಣ ಓದುವುದು ಬೇಡ, ಅದರಲ್ಲಿ ವಚನ, ಕವಿತೆಯ ಸಾಲು ಇರುತ್ತೆ. ಆರ್ಥಿಕ ಇಲಾಖೆಯ ಜಾಲತಾಣದಲ್ಲಿ ವಿವರವಾದ ಅಂದಾಜುಗಳ ಸಂಪುಟಗಳು ಸಿಗುತ್ತವೆ. ಪ್ರತಿ ಸಾಲಿಗೂ ನಾಲ್ಕು ಅಂಕಣ. 2025ರ ಮಾರ್ಚ್‌ನಲ್ಲಿ ಮಂಡಿಸಿದ ಕರ್ನಾಟಕ ಬಜೆಟ್ಟನ್ನೇ ತೆಗೆದುಕೊಳ್ಳಿ: 2023-24ರ ಲೆಕ್ಕ (ನಿಜಕ್ಕೂ ಆದ ಖರ್ಚು), 2024-25ರ ಆಯವ್ಯಯ ಅಂದಾಜು, 2024-25ರ ಪರಿಷ್ಕೃತ ಅಂದಾಜು, 2025-26ರ ಆಯವ್ಯಯ ಅಂದಾಜು. ಟಿವಿ ತೋರಿಸುವುದು ಕೊನೆಯ ಅಂಕಣ ಒಂದನ್ನೇ. ಅದು ಮೂಗಿಗೆ ಸವರುವ ತುಪ್ಪ. ನಿಜ ಇರುವುದು ಮೊದಲನೆಯದರಲ್ಲಿ. ಎರಡನೆಯ ಅಂಕಣದಿಂದ ಮೂರನೆಯದಕ್ಕೆ ಅಂಕಿ ಇಳಿದಿದ್ದರೆ, ಕಳೆದ ವರ್ಷ ಚಪ್ಪಾಳೆ ಗಿಟ್ಟಿಸಿದ ಯೋಜನೆಗೆ ಆಮೇಲೆ ಕತ್ತರಿ ಬಿದ್ದಿದೆ ಅಂತ ಅರ್ಥ. ಚಪ್ಪಾಳೆಯ ದಿನ ಬಂದ ಕ್ಯಾಮೆರಾ ಕತ್ತರಿಯ ದಿನ ಬರುವುದಿಲ್ಲ.

ಅಂಕಿಗಳ ಎಡಕ್ಕೆ ಲೆಕ್ಕ ಶೀರ್ಷಿಕೆ ಇರುತ್ತೆ, ಅಂದರೆ ಯಾವ ಬಾಬ್ತಿನ ಖರ್ಚು ಅಂತ ಹೇಳುವ ಸಂಖ್ಯೆ. ಅದರ ಮೊದಲ ನಾಲ್ಕು ಅಂಕೆ ದೇಶಕ್ಕೆಲ್ಲ ಒಂದೇ. 2 ಅಥವಾ 3ರಿಂದ ಶುರುವಾದರೆ ರಾಜಸ್ವ ವೆಚ್ಚ: ಸಂಬಳ, ಸಹಾಯಧನ, ದುರಸ್ತಿ. 4 ಅಥವಾ 5 ಆದರೆ ಬಂಡವಾಳ ವೆಚ್ಚ, ಅಂದರೆ ಕಟ್ಟುವ ಕೆಲಸ. 3054 ರಸ್ತೆ ನಿರ್ವಹಣೆ, 5054 ರಸ್ತೆ ಸೇತುವೆಗಳ ನಿರ್ಮಾಣ. 2049 ಬಡ್ಡಿ ಪಾವತಿ, 2071 ಪಿಂಚಣಿ, 2011 ಶಾಸನಸಭೆಯ ಖರ್ಚು. ಶಾಸಕರ ಸಂಬಳ ಏರಿದಾಗ ಸಿಟ್ಟು ಬರುವುದು ಸಹಜ, ಬರಲಿ. ಆದರೆ ಅದೇ ಸಂಪುಟದಲ್ಲಿ 2011ನ್ನೂ 2049ನ್ನೂ ಒಮ್ಮೆ ಅಕ್ಕಪಕ್ಕ ಇಟ್ಟು ನೋಡಿ, ಸಿಟ್ಟು ಜಾಗ ಬದಲಿಸುತ್ತೆ. ಶೀರ್ಷಿಕೆಯ ಕೊನೆಯ ಮೂರು ಅಂಕೆ ಖರ್ಚಿನ ಉದ್ದೇಶ. ಅಲ್ಲಿ 059 ಕಂಡರೆ ನಿಲ್ಲಿ. "ಇತರೆ ವೆಚ್ಚಗಳು". ಮನೆಯ ಜಮಾಖರ್ಚಿನಲ್ಲಿ "ಚಿಲ್ಲರೆ" ಅಂತ ಬರೆಯುತ್ತೇವಲ್ಲ, ಹಾಗೆ. ಇಲ್ಲಿ ಚಿಲ್ಲರೆ ಕೋಟಿಗಳಲ್ಲಿರುತ್ತೆ. ಪುಟದ ತಲೆಯಲ್ಲಿ "ರೂ. ಲಕ್ಷಗಳಲ್ಲಿ" ಅಂತಿದೆಯಾ ಅಂತಲೂ ನೋಡಿಕೊಳ್ಳಿ. ಹಾಗಿದ್ದರೆ 2500.00 ಅಂದರೆ 25 ಕೋಟಿ.

ಟಿವಿಯವರ ದೊಡ್ಡ ಆಯುಧ ಗಾತ್ರ. ಪರದೆ ತುಂಬ ಕೆಂಪಕ್ಷರದಲ್ಲಿ "100 ಕೋಟಿ!" 2025-26ರ ಕರ್ನಾಟಕ ಬಜೆಟ್ಟಿನ ಗಾತ್ರ 4,09,549 ಕೋಟಿ. ಇಡೀ ಬಜೆಟ್ಟನ್ನು ಒಂದು ಲಕ್ಷ ರೂಪಾಯಿ ಅಂದುಕೊಂಡರೆ 100 ಕೋಟಿ ಅಂದರೆ ಸುಮಾರು 24 ರೂಪಾಯಿ. 2011ರ ಜನಗಣತಿಯ 6.11 ಕೋಟಿ ಜನರಿಗೆ ಹಂಚಿದರೆ ತಲೆಗೆ 16 ರೂಪಾಯಿ ಚಿಲ್ಲರೆ. ಹಾಗಂತ 100 ಕೋಟಿ ಲೂಟಿ ಸಣ್ಣದಲ್ಲ. ಇಡೀ ರಾಜ್ಯಕ್ಕೆ 100 ಕೋಟಿ ಕೊಟ್ಟು "ಐತಿಹಾಸಿಕ" ಅಂದಾಗ ಈ ಭಾಗಾಕಾರ ಉಪಯೋಗಕ್ಕೆ ಬರುತ್ತೆ.

ಮಾಧ್ಯಮ ಈ ಭಾಗಾಕಾರವನ್ನು ಯಾಕೆ ಮಾಡಲ್ಲ? ಸೋಮಾರಿತನ ಒಂದು ಕಾರಣ. ಇನ್ನೊಂದು, ಸರ್ಕಾರವೇ ದೊಡ್ಡ ಜಾಹೀರಾತುದಾರ. ಸರ್ಕಾರಿ ಜಾಹೀರಾತಿನಲ್ಲಿ ರಾಷ್ಟ್ರಪತಿ, ಪ್ರಧಾನಿ, ಮುಖ್ಯ ನ್ಯಾಯಮೂರ್ತಿ ಬಿಟ್ಟು ಬೇರೆಯವರ ಫೋಟೊ ಬೇಡ ಅಂತ 2015ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2016ರ ಮಾರ್ಚ್‌ನಲ್ಲಿ ಸರ್ಕಾರಗಳ ಕೋರಿಕೆ ಮೇಲೆ ಮುಖ್ಯಮಂತ್ರಿ, ಸಚಿವರ ಫೋಟೊಗೂ ಅನುಮತಿ ಸಿಕ್ಕಿತು. ಅಲ್ಲಿಂದ ಮುಖಪುಟಕ್ಕೆ ಬಿಡುವೇ ಇಲ್ಲ. ಈ ಖರ್ಚು ಹುಡುಕಲು 2220, ವಾರ್ತೆ ಮತ್ತು ಪ್ರಚಾರ. ನಿಗಮ, ಮಂಡಳಿಗಳು ತಮ್ಮ ನಿಧಿಯಿಂದ ಕೊಡುವ ಜಾಹೀರಾತು ಅದರಲ್ಲಿ ಸಿಗಲ್ಲ, ಅದನ್ನು ಪ್ರತ್ಯೇಕ ಕೇಳಬೇಕು. ಪತ್ರಿಕೆ ಸುಳ್ಳು ಅಂಕಿ ಹಾಕಿದ್ದರೆ ಮೊದಲು ಸಂಪಾದಕರಿಗೆ ಲಿಖಿತವಾಗಿ ಬರೆಯಿರಿ, ಉತ್ತರ ಬರದಿದ್ದರೆ ಪ್ರೆಸ್ ಕೌನ್ಸಿಲ್‌ಗೆ ದೂರು. ದಿನಪತ್ರಿಕೆಗೆ ಗಡುವು ಪ್ರಕಟವಾದ ದಿನದಿಂದ ಎರಡು ತಿಂಗಳು. ಕೌನ್ಸಿಲ್ಲಿನ ಕೈಲಿರುವುದು ಎಚ್ಚರಿಕೆ, ಛೀಮಾರಿ ಮಾತ್ರ, ದಂಡ ಹಾಕುವ ಹಲ್ಲಿಲ್ಲ. ಟಿವಿ ವಾಹಿನಿಯಾದರೆ ದೂರು ಮೊದಲು ವಾಹಿನಿಗೇ ಹೋಗಬೇಕು, ಅಲ್ಲಿ ಬಗೆಹರಿಯದಿದ್ದರೆ ಅವರದೇ ಸ್ವಯಂ ನಿಯಂತ್ರಣ ಸಂಸ್ಥೆಗೆ.

ರಸ್ತೆಗೆ ಬರೋಣ. ಬಜೆಟ್ಟಿನ ಸಾಲಿನಿಂದ ಡಾಂಬರಿಗೆ ಬರುವಾಗ ಮೊದಲ ಗೇಟು "ಕ್ರಿಯಾಯೋಜನೆ", ಅಂದರೆ ಯಾವ ಊರಿನ ಯಾವ ರಸ್ತೆ, ಎಷ್ಟು ದುಡ್ಡು ಎಂಬ ಪಟ್ಟಿ. ರಾಜಕಾರಣವೆಲ್ಲ ಇಲ್ಲೇ ನಡೆಯುತ್ತೆ. ಆಮೇಲೆ ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಟೆಂಡರ್, ಕೊನೆಗೆ ಕೆಲಸ ಶುರುಮಾಡಲು ಗುತ್ತಿಗೆದಾರನಿಗೆ ಕೊಡುವ ಕಾರ್ಯಾದೇಶ. ಟೆಂಡರಿಗೆ 1999ರ ಪಾರದರ್ಶಕತೆ ಕಾಯ್ದೆ ಇದೆ, ಬಾಯಿಮಾತಲ್ಲಿ ಕೆಟಿಪಿಪಿ. 5 ಲಕ್ಷದೊಳಗಿನ ಕಾಮಗಾರಿಗೆ ಟೆಂಡರ್ ಬೇಕಿಲ್ಲ. ಒಂದೇ ರಸ್ತೆಗೆ "ಬಸ್ ನಿಲ್ದಾಣದಿಂದ ದೇವಸ್ಥಾನದವರೆಗೆ", "ದೇವಸ್ಥಾನದಿಂದ ಶಾಲೆಯವರೆಗೆ", "ಶಾಲೆಯಿಂದ ಕೆರೆ ಏರಿಯವರೆಗೆ" ಅಂತ 4.90, 4.95 ಲಕ್ಷದ ಮೂರು ಕಾಮಗಾರಿ ಸಾಲಾಗಿ ಕಂಡರೆ ಅದು ತುಂಡು ಮಾಡಿದ್ದು ಅಂತ ತಿಳಿಯಲು ಇಂಜಿನಿಯರಿಂಗ್ ಓದಬೇಕಿಲ್ಲ. ಇನ್ನೊಂದು ಬಾಗಿಲು ಅದೇ ಕಾಯ್ದೆಯ ಕಲಂ 4(ಜಿ). ಸರ್ಕಾರ ಅಧಿಸೂಚನೆ ಹೊರಡಿಸಿ ನಿರ್ದಿಷ್ಟ ಕೆಲಸಕ್ಕೆ ಟೆಂಡರಿನಿಂದಲೇ ವಿನಾಯಿತಿ ಕೊಡಬಹುದು. ಯಾರು ಅಧಿಕಾರದಲ್ಲಿದ್ದರೂ ಈ ಬಾಗಿಲಿನ ಬಳಕೆ ನಿಂತಿಲ್ಲ.

ಸಂಸದರ ನಿಧಿ ಬಗ್ಗೆ ಒಂದು ಮಾತು. ವರ್ಷಕ್ಕೆ 5 ಕೋಟಿ ಸಂಸದರ ಜೇಬಿಗೆ ಹೋಗುತ್ತೆ ಎಂಬುದು ತಪ್ಪು ತಿಳಿವಳಿಕೆ. ಅವರು ಶಿಫಾರಸು ಮಾಡುತ್ತಾರೆ, ಮಂಜೂರು ಮಾಡಿ ಕೆಲಸ ಮಾಡಿಸುವುದು ಜಿಲ್ಲಾಡಳಿತ. ಹಾಗಾಗಿ ಬಸ್ ತಂಗುದಾಣ ಕಳಪೆ ಅಂದರೆ ಕಡತ ಇರುವುದು ಜಿಲ್ಲಾಧಿಕಾರಿ ಕಚೇರಿಯಲ್ಲಿ. ತಂಗುದಾಣಕ್ಕಿಂತ ದೊಡ್ಡ ಅಕ್ಷರದಲ್ಲಿ ಹೆಸರು ಯಾಕೆ ಅಂತ ಮಾತ್ರ ಸಂಸದರನ್ನೇ ಕೇಳಿ.

ಡಾಂಬರಿನ ಲೆಕ್ಕ ಕೈಯಾರೆ ಮಾಡಿ ನೋಡಬಹುದು. ಒಂದು ಕಿಲೋಮೀಟರ್ ಹಳ್ಳಿ ರಸ್ತೆ, ಅಗಲ 3.75 ಮೀಟರ್, ಮೇಲ್ಪದರ 30 ಮಿ.ಮೀ. 1000 × 3.75 × 0.03 = 112.5 ಘನ ಮೀಟರ್. ಅದುಮಿದ ಡಾಂಬರು ಮಿಶ್ರಣ ಘನ ಮೀಟರಿಗೆ ಸುಮಾರು 2.4 ಟನ್, ಹಾಗಾಗಿ 270 ಟನ್. ಟಿಪ್ಪರಿಗೆ 15 ಟನ್ ಅಂದುಕೊಂಡರೆ 18 ಲೋಡ್. ಈಗ 30ರ ಬದಲು 20 ಮಿ.ಮೀ. ಹಾಕಿ: 75 ಘನ ಮೀಟರ್, 180 ಟನ್, 12 ಲೋಡ್. ಕಣ್ಣಿಗೆ ರಸ್ತೆ ಎರಡೂ ಕಪ್ಪಗೆ ಒಂದೇ ಥರ. ಕಿರುಬೆರಳಿನ ದಪ್ಪದಷ್ಟು ವ್ಯತ್ಯಾಸದಲ್ಲಿ ಆರು ಟಿಪ್ಪರ್ ಮಾಯ. ಕೆಲಸ ನಡೆಯುವಾಗ ಮಾಡಬಹುದಾದ ಅತಿ ಸುಲಭದ ಕಾವಲು ಲೋಡ್ ಎಣಿಸಿ ಬರೆದಿಡುವುದು. ದಪ್ಪವನ್ನು ರೋಲರ್ ಓಡುವ ಮುಂಚೆ ಅಳೆಯಬೇಡಿ, ಸಡಿಲ ಮಿಶ್ರಣ ಕಾಲುಭಾಗದಷ್ಟು ಉಬ್ಬಿರುತ್ತೆ. ಬಿಸಿಯೂ ಮುಖ್ಯ. ಸಾಮಾನ್ಯವಾಗಿ ಬಳಸುವ ವಿಜಿ-30 ದರ್ಜೆಯ ಡಾಂಬರಿನ ಮಿಶ್ರಣ ಹರಡುವಾಗ ಕನಿಷ್ಠ 140 ಡಿಗ್ರಿ ಇರಬೇಕು, 90ಕ್ಕೆ ಇಳಿಯುವ ಮುನ್ನ ರೋಲರ್ ಕೆಲಸ ಮುಗಿದಿರಬೇಕು. ಹೊಗೆಯೇ ಏಳದ, ಗಂಟುಗಂಟಾದ ಮಿಶ್ರಣ ಹರಡುತ್ತಿದ್ದರೆ ಥರ್ಮಾಮೀಟರ್ ಎಲ್ಲಿ ಅಂತ ಕೇಳಿ. ನೀರು ನಿಂತ ನೆಲದ ಮೇಲೆ ಹರಡಿದರೆ ಪದರ ಅಂಟುವುದೇ ಇಲ್ಲ, ಮೊದಲ ಮಳೆಗೆ ಚಪ್ಪಡಿಯಂತೆ ಏಳುತ್ತೆ. ಮಾರ್ಚ್ ಕೊನೆಯ ವಾರದ ರಾತ್ರಿ ಕೆಲಸಗಳಲ್ಲಿ ಇವೆಲ್ಲ ಒಟ್ಟಿಗೇ ಕಾಣುತ್ತವೆ. ಅನುದಾನ ವಾಪಸ್ ಹೋಗುತ್ತೆ ಎಂಬ ಅವಸರ.

ಕೆಲಸ ಮುಗಿದ ಮೇಲೆ ದಾರಿ ಮಾಹಿತಿ ಹಕ್ಕು. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ. ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದದೊಳಗಿರಬೇಕು, ಹೆಚ್ಚಿನ ಅರ್ಜಿಗಳು ಬಿದ್ದುಹೋಗುವುದು ಇಲ್ಲೇ. "ರಸ್ತೆ ಯಾಕೆ ಕಿತ್ತುಹೋಯಿತು?" ಅಂತ ಕೇಳಿದರೆ "ಪ್ರಶ್ನೆಗೆ ಉತ್ತರಿಸಲು ಅವಕಾಶವಿಲ್ಲ" ಅಂತ ಬರುತ್ತೆ, ಅದು ಸರಿಯೂ ಹೌದು. ಕಾಯ್ದೆ ಕೊಡುವುದು ದಾಖಲೆ, ಕಾರಣ ಅಲ್ಲ. ಕಾಮಗಾರಿಯ ಪೂರ್ತಿ ಹೆಸರು, ವರ್ಷ, ಲೆಕ್ಕ ಶೀರ್ಷಿಕೆ ಬರೆದು ಇವಿಷ್ಟರ ದೃಢೀಕೃತ ಪ್ರತಿ ಕೇಳಿ: ಮಂಜೂರಾದ ಅಂದಾಜು ಪಟ್ಟಿ, ಕಾರ್ಯಾದೇಶ, ಕರಾರು, ಅಳತೆ ಪುಸ್ತಕದ ಪುಟಗಳು, ಗುಣಮಟ್ಟ ಪರೀಕ್ಷಾ ವರದಿ, ಅಂತಿಮ ಬಿಲ್. ಕಲಂ 2(ಜೆ) ಪ್ರಕಾರ ಕಾಮಗಾರಿಯನ್ನು ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಇದೆ. ಇದನ್ನು ಬರೆದ ಅರ್ಜಿಗೆ ಕಚೇರಿಯಲ್ಲಿ ಸಿಗುವ ಮರ್ಯಾದೆಯೇ ಬೇರೆ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮತ್ತೆ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಗಡುವು ಮೀರಿದರೆ ಪ್ರತಿಗಳನ್ನು ಉಚಿತವಾಗಿ ಕೊಡಬೇಕು. ಅಧಿಕಾರಿಗೆ ದಿನಕ್ಕೆ 250ರಂತೆ 25,000ದವರೆಗೆ ದಂಡ ಹಾಕಬಹುದು. ಆಯೋಗದಲ್ಲಿ ಕಾಯಬೇಕಾದ ಕಾಲ ಬೇರೆ ಕತೆ.

ಕೈಗೆ ಬಂದ ಕಂತೆಯಲ್ಲಿ ಮೊದಲು ತೆರೆಯಬೇಕಾದ್ದು ಅಳತೆ ಪುಸ್ತಕ, ಇಂಜಿನಿಯರುಗಳ ಬಾಯಲ್ಲಿ ಎಂ.ಬಿ. ಉದ್ದ, ಅಗಲ, ದಪ್ಪ, ಪ್ರಮಾಣ, ದಿನಾಂಕ, ಸಹಿ. ಬಿಲ್ ಆಗುವುದು ಇದರ ಮೇಲೇ. ಬರೆದ ಉದ್ದವನ್ನು ಬೈಕಿನ ಮೀಟರಿನಲ್ಲಿ, ಅಗಲವನ್ನು ಟೇಪಿನಲ್ಲಿ ತಾಳೆ ನೋಡಿ. ಲೋಡ್ ಎಣಿಸಿದ್ದರೆ ದಪ್ಪವನ್ನೂ. ದಿನಾಂಕ ಕಾರ್ಯಾದೇಶಕ್ಕಿಂತ ಮುಂಚಿನದಾ? ಜಡಿಮಳೆಯ ದಿನದ್ದಾ? ಆಮೇಲೆ ಕರಾರಿನಲ್ಲಿ ದೋಷ ಹೊಣೆಗಾರಿಕೆ ಅವಧಿ ಹುಡುಕಿ. ಪ್ರಧಾನ ಮಂತ್ರಿ ಗ್ರಾಮ ಸಡಕ್ ರಸ್ತೆಗಳಿಗೆ ಅದು ಐದು ವರ್ಷ, ಉಳಿದವಕ್ಕೆ ಕರಾರಿನಲ್ಲಿ ಬರೆದಷ್ಟು. ಅಷ್ಟು ದಿನ ಗುಂಡಿ ಬಿದ್ದರೆ ಗುತ್ತಿಗೆದಾರ ತನ್ನ ಖರ್ಚಿನಲ್ಲೇ ಮುಚ್ಚಬೇಕು, ಅದಕ್ಕೆಂದೇ ಅವನ ಭದ್ರತಾ ಠೇವಣಿ ಇಲಾಖೆಯಲ್ಲಿರುತ್ತೆ. ಗುಂಡಿಯ ಫೋಟೊ, ಎಷ್ಟನೇ ಕಿಲೋಮೀಟರ್ ಎಂಬುದು, ಕಾಮಗಾರಿಯ ಹೆಸರು ಬರೆದು ಕಾರ್ಯಪಾಲಕ ಇಂಜಿನಿಯರ್ ಕಚೇರಿಯ ಟಪಾಲಿನಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಠೇವಣಿ ವಾಪಸ್ ಆದ ಮರುದಿನದಿಂದ ಅದೇ ಗುಂಡಿಗೆ ನಿರ್ವಹಣೆಯ 3054ರಲ್ಲಿ ಹೊಸ ಅಂದಾಜು, ಹೊಸ ಗುದ್ದಲಿ ಪೂಜೆ, ಹೊಸ ಫ್ಲೆಕ್ಸ್.