ಹದಿನೆಂಟು ಮನೆಗಳ ಲೆಕ್ಕ ಮತ್ತು ಒಂದು ಪುಟ್ಟ ಸ್ಕ್ರಿಪ್ಟು

ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹದಿನೆಂಟು ಮನೆಗಳಿವೆ. ಮೂರು ವರ್ಷಗಳ ಹಿಂದೆ ವಾರ್ಷಿಕ ಸಭೆಗೆ ತಡವಾಗಿ ಹೋದ ತಪ್ಪಿಗೆ ನಾನು ನಿವಾಸಿಗಳ ಸಂಘದ ಖಜಾಂಚಿಯಾದೆ. ಪ್ರತಿ ಮನೆಯಿಂದ ತಿಂಗಳಿಗೆ 2,500 ರೂಪಾಯಿ ಮೇಂಟೆನೆನ್ಸ್ ಸಂಗ್ರಹಿಸಿ, ಅದರಲ್ಲಿ ವಾಚ್‌ಮನ್ ಸಂಬಳ, ಲಿಫ್ಟಿನ ಗುತ್ತಿಗೆ, ಪಂಪಿನ ಕರೆಂಟ್ ಬಿಲ್ಲು ಕಟ್ಟಿ ಲೆಕ್ಕ ಇಡಬೇಕು. ಹೇಳುವುದಕ್ಕೆ ಇಷ್ಟೇ ಕೆಲಸ. ಆದರೆ ಲೆಕ್ಕಕ್ಕಿಂತ ಅದರ ಸುತ್ತ ಬೆಳೆದುಕೊಂಡ ಚಿಲ್ಲರೆ ಕೆಲಸಗಳೇ ಮೊದಲ ಆರು ತಿಂಗಳು ನನ್ನ ಸಂಜೆಗಳನ್ನು ತಿಂದುಹಾಕಿದವು. ಒಂದೇ ಉತ್ತರವನ್ನು ಹತ್ತು ಜನರಿಗೆ ಬರೆಯುವುದು, ವಾಟ್ಸ್ಆ್ಯಪ್‌ನಲ್ಲಿ ಬಂದ ಸ್ಕ್ರೀನ್‌ಶಾಟು ಯಾರದೆಂದು ಹುಡುಕುವುದು, ಕೊಡದವರಿಗೆ ನೆನಪಿಸುವುದು, ನೆನಪಿಸಿದ್ದೇನೆಯೇ ಇಲ್ಲವೇ ಎಂಬುದನ್ನು ನಾನೇ ನೆನಪಿಟ್ಟುಕೊಳ್ಳುವುದು. ಇವುಗಳಲ್ಲಿ ಕೆಲವನ್ನು ಯಂತ್ರಕ್ಕೆ ಒಪ್ಪಿಸಿದ ಬಗೆಯನ್ನೂ, ಒಪ್ಪಿಸಬಾರದ್ದನ್ನು ಒಪ್ಪಿಸಿ ಮುಖಭಂಗಕ್ಕೊಳಗಾದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ನಾನು ಕಂಪ್ಯೂಟರ್ ಓದಿದವನಲ್ಲ, ವಾಣಿಜ್ಯ ಪದವೀಧರ.

ಮೊದಲು ಮಾಡಿದ ಕೆಲಸಕ್ಕೆ ಐದು ನಿಮಿಷವೂ ಹಿಡಿಯಲಿಲ್ಲ. ಸಂಘದ ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಕೇಳುವವರು ತಿಂಗಳಿಗೆ ನಾಲ್ಕೈದು ಮಂದಿಯಾದರೂ ಇರುತ್ತಿದ್ದರು. ಐಎಫ್‌ಎಸ್‌ಸಿಯಲ್ಲಿ ಹನ್ನೊಂದು ಅಕ್ಷರಗಳಿದ್ದು, ಐದನೆಯದು ಯಾವಾಗಲೂ ಸೊನ್ನೆ. ಅದನ್ನು ಇಂಗ್ಲಿಷಿನ ‘ಓ’ ಅಕ್ಷರವೆಂದು ತಿಳಿದು ಟೈಪ್ ಮಾಡಿದವರಲ್ಲಿ ನಾನೂ ಒಬ್ಬ. ಫೋನಿನ ಜಿಬೋರ್ಡ್ ಕೀಲಿಮಣೆಯ ಸೆಟ್ಟಿಂಗ್ಸ್‌ನಲ್ಲಿ ‘ಪರ್ಸನಲ್ ಡಿಕ್ಷನರಿ’ ಎಂಬ ವಿಭಾಗವಿದೆ. ಖಾತೆಯ ಪೂರ್ಣ ವಿವರವನ್ನು ಒಮ್ಮೆ ಅಲ್ಲಿ ಸೇರಿಸಿ, ಅದಕ್ಕೆ ‘ಸಂಖಾ’ ಎಂಬ ಸಂಕ್ಷಿಪ್ತ ರೂಪ ಕೊಟ್ಟೆ. ಈಗ ಆ ಎರಡಕ್ಷರ ಒತ್ತಿದರೆ ಕೀಲಿಮಣೆಯ ಮೇಲಿನ ಸಾಲಿನಲ್ಲಿ ಇಡೀ ವಿವರ ಕಾಣಿಸುತ್ತದೆ, ಮುಟ್ಟಿದರೆ ಸಾಕು. ಐಫೋನ್ ಇರುವವರಿಗೆ ಇದೇ ಸೌಲಭ್ಯ ‘ಟೆಕ್ಸ್ಟ್ ರಿಪ್ಲೇಸ್‌ಮೆಂಟ್’ ಎಂಬ ಹೆಸರಿನಲ್ಲಿ ಸಿಗುತ್ತದೆ. ಇದನ್ನು ಆಟೊಮೇಷನ್ ಎಂದು ಕರೆದರೆ ತಿಳಿದವರು ನಗಬಹುದು. ಆದರೆ ಈ ಮೂರು ವರ್ಷಗಳಲ್ಲಿ ಒಮ್ಮೆಯೂ ತೊಂದರೆ ಕೊಡದ ಏಕೈಕ ಏರ್ಪಾಡು ಇದೇ.

ಜಿಮೇಲ್‌ನ ಫಿಲ್ಟರಿನ ವಿಷಯದಲ್ಲಿ ಅಷ್ಟು ಧೈರ್ಯವಾಗಿ ಹೇಳಲಾರೆ. ಬಿಲ್ಲುಗಳೆಲ್ಲ ತಾವಾಗಿ ಒಂದೇ ಲೇಬಲ್ಲಿನ ಅಡಿಯಲ್ಲಿ ಬಂದು ಕೂರುವುದೇನೋ ಚೆನ್ನ. ಆದರೆ ಉತ್ಸಾಹದಲ್ಲಿ ‘ಇನ್‌ಬಾಕ್ಸ್ ಬಿಟ್ಟು ಹೋಗಲಿ’ ಎಂಬ ಆಯ್ಕೆಗೂ ಟಿಕ್ ಹಾಕಿದ್ದರಿಂದ, ಲಿಫ್ಟಿನ ಗುತ್ತಿಗೆ ನವೀಕರಿಸಬೇಕೆಂಬ ಪತ್ರ ಮೂರು ವಾರ ಯಾರ ಕಣ್ಣಿಗೂ ಬೀಳದೆ ಅಚ್ಚುಕಟ್ಟಾಗಿ ತನ್ನ ಸ್ಥಾನದಲ್ಲಿ ಕುಳಿತಿತ್ತು. ಆ ಟಿಕ್ಕನ್ನು ಈಗ ತೆಗೆದಿದ್ದೇನೆ.

ನಿಜವಾದ ಕಥೆ ಇರುವುದು ಜ್ಞಾಪನೆಯ ಪತ್ರಗಳಲ್ಲಿ. ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಅಣ್ಣನ ಮಗ ನನ್ನ ಪಾಡು ಕೇಳಿ, “ಚಿಕ್ಕಪ್ಪ, ಇದಕ್ಕೆಲ್ಲ ಯಾಕೆ ಒದ್ದಾಡ್ತೀರಿ” ಎಂದು ಒಂದು ಗೂಗಲ್ ಶೀಟ್ ತಯಾರಿಸಿ, ಅದರೊಳಗೇ ‘ಆ್ಯಪ್ಸ್ ಸ್ಕ್ರಿಪ್ಟ್’ನಲ್ಲಿ ಇಪ್ಪತ್ತು ಸಾಲಿನ ಪ್ರೋಗ್ರಾಮು ಬರೆದು ಕಳಿಸಿದ. ಹಾಳೆಯಲ್ಲಿ ಮನೆ ಸಂಖ್ಯೆ, ಇಮೇಲ್ ವಿಳಾಸ, ಮೊತ್ತ, ಪಾವತಿ ಎಂಬ ನಾಲ್ಕು ಅಂಕಣಗಳು. ಪ್ರತಿ ತಿಂಗಳ 6ನೆಯ ತಾರೀಖು ಬೆಳಿಗ್ಗೆ ಎಂಟರಿಂದ ಒಂಬತ್ತರೊಳಗೆ ಸ್ಕ್ರಿಪ್ಟು ತಾನಾಗಿ ಎದ್ದು, ಪಾವತಿಯ ಅಂಕಣದಲ್ಲಿ ‘ಆಯಿತು’ ಎಂದಿಲ್ಲದ ಮನೆಗಳಿಗೆಲ್ಲ ಬಾಕಿಯ ಪತ್ರ ಕಳಿಸಬೇಕು. ಹೀಗೆ ಗೊತ್ತಾದ ಹೊತ್ತಿಗೆ ಕೆಲಸ ಶುರುಮಾಡಿಸುವ ಏರ್ಪಾಡಿಗೆ ಟ್ರಿಗರ್ ಎನ್ನುತ್ತಾರೆ. ಉಚಿತ ಖಾತೆಯಿಂದ ದಿನಕ್ಕೆ 100 ವಿಳಾಸಗಳಿಗಷ್ಟೇ ಸ್ಕ್ರಿಪ್ಟಿನ ಮೂಲಕ ಪತ್ರ ಕಳಿಸಬಹುದು, ನಮಗೆ ಅದು ಧಾರಾಳವಾಯಿತು.

ಇಂಥ ಏರ್ಪಾಡು ಹೊಸದೇನಲ್ಲವೆಂದು ಆಮೇಲೆ ಓದಿ ತಿಳಿದೆ. ಯುನಿಕ್ಸ್ ಕಾರ್ಯವ್ಯವಸ್ಥೆಯ 1979ರ ಏಳನೆಯ ಆವೃತ್ತಿಯಲ್ಲೇ ‘ಕ್ರಾನ್’ ಎಂಬ ಪ್ರೋಗ್ರಾಮು ಇತ್ತು. ಯಾವ ಕೆಲಸ ಯಾವಾಗ ನಡೆಯಬೇಕೆಂಬುದನ್ನು ಅದಕ್ಕೆ ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ ಎಂಬ ಐದು ಅಂಗಗಳಲ್ಲಿ ತಿಳಿಸಬೇಕು. ತಿಥಿ, ವಾರ, ನಕ್ಷತ್ರ, ಯೋಗ, ಕರಣಗಳನ್ನು ನೋಡಿ ಹೊತ್ತು ಗೊತ್ತುಮಾಡುವ ಮನೆಯಲ್ಲಿ ಬೆಳೆದ ನನಗೆ, ಕಂಪ್ಯೂಟರಿಗೂ ಒಂದು ಪಂಚಾಂಗವಿದೆ ಎಂಬುದು ಬಹಳ ಹಿಡಿಸಿತು.

ಮೊದಲ ತಿಂಗಳ 6ನೆಯ ತಾರೀಖು ಬೆಳಿಗ್ಗೆ ಯಾರಿಗೂ ಯಾವ ಪತ್ರವೂ ಹೋಗಲಿಲ್ಲ. ಟ್ರಿಗರ್ ಹೂಡುವುದರಲ್ಲಿ ಎಲ್ಲೋ ತಪ್ಪಿರಬೇಕೆಂದುಕೊಂಡು ಸುಮ್ಮನಾದೆ. ರಾತ್ರಿ ಒಂಬತ್ತರ ಸುಮಾರಿಗೆ, ಊಟಕ್ಕೆ ಕುಳಿತಿದ್ದಾಗ, ಕರೆಗಂಟೆ ಬಾರಿಸಿತು. ಎರಡನೆಯ ಮಹಡಿಯ ನಿವೃತ್ತ ಮೇಷ್ಟ್ರು ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ರಸೀದಿ ಹಿಡಿದು ನಿಂತಿದ್ದರು. “ಏನ್ರೀ, ಎರಡನೇ ತಾರೀಖೇ ದುಡ್ಡು ಕೊಟ್ಟೋರಿಗೂ ಬಾಕಿ ಅಂತ ಬರೀತೀರಲ್ಲ?” ಅವರನ್ನು ಸಮಾಧಾನಪಡಿಸಿ ಕಳಿಸುವಷ್ಟರಲ್ಲಿ ಇನ್ನೂ ಮೂರು ಮನೆಗಳಿಂದ ಫೋನು ಬಂತು.

ಹೊತ್ತು ತಪ್ಪಿದ್ದಕ್ಕೆ ಕಾರಣ ಬೇಗ ತಿಳಿಯಿತು. ಹಾಳೆಯೂ ಸ್ಕ್ರಿಪ್ಟೂ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ್ದರಿಂದ ಅವುಗಳ ಗಡಿಯಾರವೂ ಅಲ್ಲಿಯದೇ ಆಗಿತ್ತು. ಅಲ್ಲಿ ಬೇಸಿಗೆಯ ಬೆಳಗಿನ ಎಂಟು ಗಂಟೆಯೆಂದರೆ ನಮ್ಮಲ್ಲಿ ರಾತ್ರಿ ಎಂಟೂವರೆ. ಹಾಳೆಯ ಸೆಟ್ಟಿಂಗ್ಸ್‌ನಲ್ಲೊಮ್ಮೆ, ಸ್ಕ್ರಿಪ್ಟಿನ ಸೆಟ್ಟಿಂಗ್ಸ್‌ನಲ್ಲೊಮ್ಮೆ, ಹೀಗೆ ಎರಡು ಕಡೆ ಟೈಮ್ ಝೋನ್ ಬದಲಿಸಬೇಕಾಯಿತು.

ಕೊಟ್ಟವರಿಗೂ ಪತ್ರ ಹೋದದ್ದು ಏಕೆಂಬುದು ಮಾತ್ರ ಮರುದಿನ ಮಧ್ಯಾಹ್ನದವರೆಗೆ ಹೊಳೆಯಲಿಲ್ಲ. ಹಣ ಬಂದ ಮನೆಗಳ ಎದುರು ಗುರುತು ಹಾಕುವ ಕೆಲಸವನ್ನು ನಾನೂ ಕಾರ್ಯದರ್ಶಿಯವರೂ ಹಂಚಿಕೊಂಡಿದ್ದೆವು. ನಾನು ‘ಆಯಿತು’ ಎಂದು ಬರೆಯುತ್ತಿದ್ದೆ, ಅವರು ಮಾತಾಡಿದಂತೆಯೇ ‘ಆಯ್ತು’ ಎಂದು ಬರೆಯುತ್ತಿದ್ದರು. ಕನ್ನಡ ಬಲ್ಲ ಯಾರಿಗೂ ಇವೆರಡೂ ಒಂದೇ ಮಾತು. ಸ್ಕ್ರಿಪ್ಟಿಗೆ ‘ಆಯ್ತು’ ಎಂದರೆ ಆಗಿಲ್ಲವೆಂದೇ ಅರ್ಥ. ಒಂದು ಕಡೆಯಂತೂ ನನ್ನದೇ ‘ಆಯಿತು’ವಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಸ್ಪೇಸ್ ಉಳಿದು, ಆ ಮನೆಯೂ ಬಾಕಿದಾರರ ಪಟ್ಟಿಗೆ ಸೇರಿತ್ತು. ಪರಿಹಾರ ಕಷ್ಟದ್ದಾಗಿರಲಿಲ್ಲ. ಅಂಕಣದಲ್ಲಿ ಬರೆಯುವುದನ್ನೇ ನಿಲ್ಲಿಸಿ, ಪ್ರತಿ ಮನೆಯ ಎದುರು ಟಿಕ್ ಹಾಕುವ ಚೌಕ ಇಟ್ಟೆವು. ಚೌಕಕ್ಕೆ ಕಾಗುಣಿತವಿಲ್ಲ. ಜೊತೆಗೆ ಯುಪಿಐ ವ್ಯವಹಾರದ 12 ಅಂಕಿಗಳ ಸಂಖ್ಯೆಗೆ ಒಂದು ಅಂಕಣ ಸೇರಿಸಿ, ಅಂಕಿಗಳ ಎಣಿಕೆ ಹನ್ನೆರಡಕ್ಕೆ ಸರಿಹೋಗದಿದ್ದರೆ ಅದು ಕೆಂಪಾಗುವಂತೆ ಮಾಡಿದೆ. ಸ್ಕ್ರೀನ್‌ಶಾಟು ನೋಡಿ ಟೈಪ್ ಮಾಡುವಾಗ ಒಂದಂಕಿ ನುಂಗುವ ನನ್ನ ಹಳೆಯ ಚಾಳಿಯನ್ನು ಅದು ತಿಂಗಳಿಗೊಮ್ಮೆಯಾದರೂ ಹಿಡಿಯುತ್ತದೆ.

ಇದರ ಜೊತೆಗೆ ಅಣ್ಣನ ಮಗನಿಂದ ಇನ್ನೊಂದು ಬದಲಾವಣೆಯನ್ನೂ ಮಾಡಿಸಿದೆ. ಸ್ಕ್ರಿಪ್ಟು ಈಗ ಪತ್ರವನ್ನು ಕಳಿಸುವುದಿಲ್ಲ, ಬರೆದು ನನ್ನ ಜಿಮೇಲ್‌ನ ಡ್ರಾಫ್ಟ್ಸ್‌ನಲ್ಲಿ ಇಡುತ್ತದೆ. ಕಳಿಸು ಎಂಬ ಆಜ್ಞೆಯ ಜಾಗದಲ್ಲಿ ಡ್ರಾಫ್ಟ್ ಮಾಡು ಎಂಬ ಆಜ್ಞೆ, ಅಷ್ಟೇ ವ್ಯತ್ಯಾಸ. “ಹಾಗಾದರೆ ಆಟೊಮೇಷನ್ ಅರ್ಧವೇ ಆಯಿತಲ್ಲ” ಎಂದು ಅವನು ಗೊಣಗಿದ. ನನಗೆ ಬೇಕಾದದ್ದು ಆ ಅರ್ಧವೇ ಆಗಿತ್ತು. ಯಾರು ಕೊಟ್ಟಿಲ್ಲವೆಂದು ಹುಡುಕಿ, ಮೊತ್ತ ಹಾಕಿ, ಪತ್ರ ಸಿದ್ಧಪಡಿಸುವ ಹೊರೆ ಇಳಿದ ಮೇಲೆ, ಹೆಸರು ನೋಡಿ ಒಂದೊಂದನ್ನೇ ಕಳಿಸಲು ಎರಡು ನಿಮಿಷ ಸಾಕು.

ಇದೇ ಕಾರಣಕ್ಕೆ ಪಂಪಿನ ಕರೆಂಟ್ ಬಿಲ್ಲನ್ನು ನಾನು ಆಟೊಪೇಗೆ ಹಾಕಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ ಇಂಥ ಪಾವತಿಯಲ್ಲಿ ಹಣ ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ಸೂಚನೆ ಹೋಗಬೇಕು, ಅದು ಒಳ್ಳೆಯ ನಿಯಮವೇ. ಆದರೆ ದಿನಕ್ಕೆ ಮೂವತ್ತು ಸಂದೇಶ ಬರುವ ಫೋನಿನಲ್ಲಿ ಅದನ್ನು ಗಮನವಿಟ್ಟು ಓದುತ್ತೇನೆಂಬ ಭರವಸೆ ನನಗೇ ಇಲ್ಲ. ಕಳೆದ ಬೇಸಿಗೆಯಲ್ಲಿ ಬಿಲ್ಲು ಹೆಚ್ಚುಕಡಿಮೆ ಇಮ್ಮಡಿಯಾಗಿ ಬಂದಿತ್ತು. ಕಟ್ಟುವ ಮೊದಲು ಮೊತ್ತ ಕಣ್ಣಿಗೆ ಬಿದ್ದದ್ದರಿಂದ ಅನುಮಾನ ಹುಟ್ಟಿ ತಾರಸಿಗೆ ಹೋಗಿ ನೋಡಿದರೆ, ಓವರ್‌ಹೆಡ್ ಟ್ಯಾಂಕಿನ ನೀರಿನ ಮಟ್ಟ ಹೇಳುವ ಫ್ಲೋಟ್ ಸಿಕ್ಕಿಹಾಕಿಕೊಂಡು, ಟ್ಯಾಂಕು ತುಂಬಿದ ಮೇಲೂ ಪಂಪು ಓಡುತ್ತಲೇ ಇತ್ತು. ಪ್ರತಿ ತಿಂಗಳೂ ಒಂದೇ ಮೊತ್ತವಿರುವ ಇಂಟರ್‌ನೆಟ್ ಬಿಲ್ಲಿಗೆ ಆಟೊಪೇ ಇಟ್ಟಿದ್ದೇನೆ, ಏರಿಳಿಯುವುದನ್ನು ಕೈಯಾರೆ ಕಟ್ಟುತ್ತೇನೆ.

ಕಳೆದ ತಿಂಗಳ 6ನೆಯ ತಾರೀಖು ಕಾಫಿ ಹಿಡಿದು ಡ್ರಾಫ್ಟ್ಸ್ ತೆರೆದಾಗ ನಾಲ್ಕು ಪತ್ರಗಳಿದ್ದವು. ಎರಡನ್ನು ಹಾಗೆಯೇ ಕಳಿಸಿದೆ. ಮೂರನೆಯ ಮನೆಯವರು ಆಸ್ಪತ್ರೆಯಲ್ಲಿದ್ದುದು ಗೊತ್ತಿದ್ದರಿಂದ ಅದನ್ನು ಅಳಿಸಿ, ಸಂಜೆ ಹೋಗಿ ನೋಡಿಕೊಂಡು ಬಂದೆ. ನಾಲ್ಕನೆಯದರಲ್ಲಿ ‘ಮಾನ್ಯರೇ, ತಮ್ಮ ಈ ತಿಂಗಳ ಮೇಂಟೆನೆನ್ಸ್ ಹಣ 2,500 ರೂಪಾಯಿ ಬಾಕಿ ಇದೆ’ ಎಂದಿತ್ತು, ವಿಳಾಸ ನನ್ನದೇ. ಕಾಫಿ ಮುಗಿಯುವುದರೊಳಗೆ ಹಣ ಕಳಿಸಿ, ಚೌಕಕ್ಕೆ ಟಿಕ್ ಹಾಕಿದೆ.