ಕೊನೆಗೂ ಮುರಿಯದ ಲಿಗ್ನಿನ್ ಫಿಲಮೆಂಟ್

ಪಿಎಲ್‌ಎ (ಗಿಡಮೂಲದ ಪ್ಲಾಸ್ಟಿಕ್) ಜೊತೆ ನೂರಕ್ಕೆ ಹತ್ತರಷ್ಟು ಲಿಗ್ನಿನ್ (ಗಿಡದ ನಾರನ್ನು ಗಟ್ಟಿಯಾಗಿ ಹಿಡಿದಿಡುವ ವಸ್ತು) ಬೆರೆಸಿದ 3ಡಿ ಪ್ರಿಂಟರ್ ಫಿಲಮೆಂಟ್, ಅಂದರೆ ಪ್ರಿಂಟರಿಗೆ ಹಾಕುವ ಪ್ಲಾಸ್ಟಿಕ್ ಎಳೆ, ಕೊನೆಗೂ ಸ್ಪೂಲಿಗೆ ಸುತ್ತಿಕೊಂಡಿದೆ. ಕಡು ಕಂದು ಬಣ್ಣ, ದಪ್ಪ 1.75 ಮಿ.ಮೀ., ಎಲ್ಲೂ ಗುಳ್ಳೆ ಇಲ್ಲ. ಎಕ್ಸ್‌ಟ್ರೂಡರ್ (ಪ್ಲಾಸ್ಟಿಕ್ ಕರಗಿಸಿ ಎಳೆಯಾಗಿ ಒತ್ತುವ ಯಂತ್ರ) ಸೆಟಪ್ಪು, ಪೆಲೆಟ್ ಅನ್ನುವ ಪ್ಲಾಸ್ಟಿಕ್ ಕಾಳು ಒಣಗಿಸುವುದು ಎಲ್ಲ ಮಾಮೂಲಿ ಕೆಲಸ. ಅದನ್ನು ಬಿಟ್ಟು ನೇರ ತಲೆನೋವಿಗೆ ಬರುತ್ತೇನೆ.

ಮಂಡ್ಯದಲ್ಲಿ ಕೂತು ಲಿಗ್ನಿನ್ ಬಗ್ಗೆ ಯೋಚಿಸದೆ ಇರುವುದು ಕಷ್ಟ. ಕಬ್ಬಿನ ಸಿಪ್ಪೆಯ ಒಣ ತೂಕದಲ್ಲಿ ಸುಮಾರು ಐದರಲ್ಲೊಂದು ಭಾಗ ಅದೇ. ಆಲೆಮನೆಯಲ್ಲಿ ಒಲೆಗೆ ಹೋಗುತ್ತದೆ. ಪೇಪರ್ ಮಿಲ್ಲಿನಲ್ಲಾದರೆ ನಾರು ಬೇಯಿಸಿ ಉಳಿದ ಕಪ್ಪು ದ್ರಾವಣದ ಜೊತೆ ಬಾಯ್ಲರಿಗೆ. ನಾನು ತರಿಸಿದ್ದು ಸಿಪ್ಪೆಯಿಂದಲೇ ತೆಗೆದ ಸೋಡಾ ಲಿಗ್ನಿನ್, ಅಂದರೆ ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿ ತೆಗೆದದ್ದು. ಗಂಧಕದ ರಾಸಾಯನಿಕ ಸೇರಿಸಿ ಬೇಯಿಸಿ ತೆಗೆಯುವ ಕ್ರಾಫ್ಟ್ ಲಿಗ್ನಿನ್ನಿನ ಗಂಧಕದ ವಾಸನೆ ಇದಕ್ಕಿಲ್ಲ. ಬಿಸಿಯಾದಾಗ ಮಾತ್ರ ಪಕ್ಕದ ಮನೆಯವರು ಬಂದು, ಯಾರ ಮನೇಲಿ ಬೆಲ್ಲ ಸೀದಿದೆ ಅಂತ ಕೇಳುತ್ತಾರೆ.

ತೊಂದರೆ ಶುರುವಾದದ್ದು ಕರಗಿಸಿದಾಗ. 180 ಡಿಗ್ರಿಯಲ್ಲಿ ಗಟ್ಟಿಯಾಗಿ ಎಳೆದುಕೊಳ್ಳಬೇಕಾದ ಮಾಲು ನೀರು ನೀರಾಗಿ ಸುರಿಯುತ್ತಿತ್ತು. ತಣ್ಣಗಾದ ಮೇಲೆ ಮುಟ್ಟಿದರೆ ಪುಡಿ. ತೇವಾಂಶ ಇರಬಹುದು ಅಂತ ಎಲ್ಲರಿಗೂ ಮೊದಲು ಅನ್ನಿಸುತ್ತದೆ ಅಲ್ವಾ? ಪಿಎಲ್‌ಎಯಲ್ಲಿ ನೀರು 250 ಪಿಪಿಎಂಗಿಂತ (ಹತ್ತು ಲಕ್ಷದಲ್ಲಿ 250 ಭಾಗ) ಕಡಿಮೆ ಇರಬೇಕು ಅನ್ನುತ್ತಾರೆ. ಎರಡನ್ನೂ ರಾತ್ರಿಯಿಡೀ ಒಣಗಿಸಿ ಹಾಕಿದರೂ ಅದೇ ಕಥೆ. ಲಿಗ್ನಿನ್ ಇಲ್ಲದೆ ಬರೀ ಪಿಎಲ್‌ಎ ಓಡಿಸಿದರೆ ಏನೂ ತೊಂದರೆ ಇಲ್ಲ.

ಉತ್ತರ ಸಿಕ್ಕಿದ್ದು ಒಂದು ಸ್ಟೀಲ್ ಚಮಚದಲ್ಲಿ. ಚಿಟಿಕೆ ಲಿಗ್ನಿನ್ ಹಾಕಿ ಗ್ಯಾಸಿನ ಉರಿಯಲ್ಲಿ ಪೂರ್ತಿ ಸುಟ್ಟೆ. ತಳದಲ್ಲಿ ಬಿಳಿ ಬೂದಿ ಉಳಿಯಿತು. ಅದಕ್ಕೆ ಎರಡು ಹನಿ ಡಿಸ್ಟಿಲ್ಡ್ ವಾಟರ್ ಬಿಟ್ಟು ಕೆಂಪು ಲಿಟ್ಮಸ್ ತಾಗಿಸಿದರೆ, ಕಾಗದ ತಕ್ಷಣ ನೀಲಿ! ಅಂದರೆ ಕ್ಷಾರ ಇದೆ, ಕಾಸ್ಟಿಕ್ ಸೋಡಾದ ಸೋಡಿಯಂ ಹಾಗೇ ಉಳಿದಿತ್ತು. ಪಿಎಲ್‌ಎ ಪಾಲಿಯೆಸ್ಟರ್, ಅಂದರೆ ಎಸ್ಟರ್ ಬಂಧಗಳಿಂದ ಜೋಡಿಸಿದ ಉದ್ದನೆಯ ಸರಪಳಿ. ಎಣ್ಣೆಗೆ ಕಾಸ್ಟಿಕ್ ಸೋಡಾ ಹಾಕಿದರೆ ಸೋಪು ಆಗುತ್ತದಲ್ಲ, ಅಲ್ಲಿ ಮುರಿಯುವುದೂ ಇಂಥದ್ದೇ ಎಸ್ಟರ್ ಬಂಧ. ಬಿಸಿ ಬ್ಯಾರೆಲ್ಲಿನೊಳಗೆ ಕ್ಷಾರ ಸಿಕ್ಕರೆ ಉದ್ದನೆಯ ಸರಪಳಿ ತುಂಡು ತುಂಡಾಗುತ್ತದೆ.

ಮಾರಿದವರ ಸರ್ಟಿಫಿಕೇಟಿನಲ್ಲಿ ಬಣ್ಣ ಇದೆ, ‘ಹೈ ಪ್ಯೂರಿಟಿ’ ಅಂತಿದೆ, ಬೂದಿಯ ಪ್ರಮಾಣ ಮಾತ್ರ ಇಲ್ಲ. ಫೋನ್ ಮಾಡಿದರೆ, ‘ಎಲ್ಲರೂ ಇದನ್ನೇ ತಗೊಳ್ತಾರೆ ಸರ್’ ಅನ್ನುವ ಉತ್ತರ. ಲಿಗ್ನಿನ್ ಮಾರುವವರು ಮೊದಲು ಹೇಳಬೇಕಾದ ಅಂಕಿಯೇ ಅದು. ಕೇಳಿದರೂ ಹೇಳದಿದ್ದರೆ ಸಿಟ್ಟು ಬರದೆ ಇರುತ್ತದಾ?

ಸರಿ, ತೊಳೆಯೋಣ ಅಂದರೆ ಅದೂ ಸಲೀಸಲ್ಲ. ಸಾದಾ ನೀರು ಸುರಿದು ಸೋಸುತ್ತಾ ಹೋದರೆ ಲಿಗ್ನಿನ್ ಊದಿಕೊಂಡು ಮತ್ತೆ ನೀರಿನಲ್ಲಿ ಕದಡುತ್ತದೆ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಕಪ್ಪು ದ್ರಾವಣದಿಂದ ಲಿಗ್ನಿನ್ ತೆಗೆಯುವ ಸ್ವೀಡನ್ನಿನ ಲಿಗ್ನೋಬೂಸ್ಟ್ ಪ್ರಕ್ರಿಯೆ ಹುಟ್ಟಿದ್ದೇ ಈ ಕಾಟಕ್ಕೆ. ಅದರ ಉಪಾಯ ಸರಳ: ಸೋಸಿ ಉಳಿದ ಮುದ್ದೆಯ ಮೇಲೆ ನೀರು ಸುರಿಯಬೇಡಿ, ಮುದ್ದೆಯನ್ನೇ ಆಮ್ಲ ಬೆರೆಸಿದ ನೀರಿನಲ್ಲಿ ಮತ್ತೆ ಕದಡಿ, ಆಮೇಲೆ ಸೋಸಿ. ಪಿಎಚ್ 2–3ರಲ್ಲಿ ಇಟ್ಟರೆ ಕಣಗಳು ಗಟ್ಟಿಯಾಗಿ ಗುಂಪಾಗಿರುತ್ತವೆ, ಸೋಡಿಯಂ ಬಿಟ್ಟುಕೊಂಡು ನೀರಿಗೆ ಬರುತ್ತದೆ. ತೆಳು ಸಲ್ಫ್ಯೂರಿಕ್ ಆಸಿಡ್, ನೀರು ಉಗುರುಬೆಚ್ಚಗೆ, ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ. ಯಾವಾಗಲೂ ನೀರಿಗೆ ಆಸಿಡ್ ಹಾಕಿ, ಆಸಿಡ್‌ಗೆ ನೀರಲ್ಲ. ಕೊನೆಗೆ ಸ್ವಲ್ಪವೇ ಶುದ್ಧ ನೀರಲ್ಲಿ ಜಾಲಿಸಿ ತೆಗೆಯಬೇಕು, ಆಮ್ಲ ಉಳಿದರೂ ಪಿಎಲ್‌ಎಗೆ ಕೇಡೇ.

ಮತ್ತೆ ಚಮಚದ ಪರೀಕ್ಷೆ. ಬೂದಿ ಚೂರು ಉಳಿದಿದೆ, ಆದರೆ ಲಿಟ್ಮಸ್ ಬಣ್ಣ ಬದಲಾಗಲಿಲ್ಲ. ಬೆರಳಿಗೆ ಸಿಕ್ಕ ಆ ತರಿ ಹೆಚ್ಚಾಗಿ ಕಬ್ಬಿನ ಸಿಲಿಕಾ. ಅದು ಸರಪಳಿ ಕಡಿಯುವುದಿಲ್ಲ, ಪ್ರಿಂಟರಿನ ಹಿತ್ತಾಳೆ ನಾಝಲ್ (ಪ್ಲಾಸ್ಟಿಕ್ ಹೊರಬರುವ ಮೂತಿ) ಮಾತ್ರ ಸವೆಸುತ್ತದೆ. ಸ್ಟೀಲ್ ನಾಝಲ್ ಹಾಕಿ.

ಹತ್ತರಷ್ಟಕ್ಕೆ ಫಿಲಮೆಂಟ್ ಚೆನ್ನಾಗಿ ಬರುತ್ತದೆ. ಇಪ್ಪತ್ತಕ್ಕೆ ಏರಿಸಿದರೆ ಗಡಸು, ಬಗ್ಗಿಸಿದರೆ ಟಕ್ ಅಂತ ಮುರಿಯುತ್ತದೆ. ಲಿಗ್ನಿನ್ ತುಂಬ ಹೈಡ್ರಾಕ್ಸಿಲ್ (ಆಮ್ಲಜನಕ-ಜಲಜನಕದ) ಗುಂಪುಗಳಿವೆ. ಪಿಎಲ್‌ಎ ಜೊತೆ ಬೆರೆಯುವುದಕ್ಕಿಂತ ತಮ್ಮತಮ್ಮಲ್ಲೇ ಅಂಟಿಕೊಳ್ಳುವುದು ಅವಕ್ಕೆ ಇಷ್ಟ. ಬಿರುಕು ಶುರುವಾಗುವುದು ಆ ಗಂಟುಗಳ ಹತ್ತಿರವೇ. ಅಸಿಟೈಲೇಶನ್ ಮಾಡಿ ಆ ಗುಂಪುಗಳನ್ನು ಮುಚ್ಚಿದರೆ ಸರಿಹೋಗುತ್ತದೆ, ನಿಜ. ಆದರೆ ಅದಕ್ಕೆ ಬೇಕಾದ ಅಸಿಟಿಕ್ ಅನ್‌ಹೈಡ್ರೈಡ್ ನಮ್ಮಲ್ಲಿ ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯಡಿ ನಿಯಂತ್ರಿತ ವಸ್ತು, ಮನೆಯಲ್ಲಿ ಅದರ ಸುದ್ದಿಗೇ ಹೋಗಬೇಡಿ. ನನ್ನ ದಾರಿ ಪಿಬಿಎಟಿ ಅನ್ನುವ ಮೆತ್ತನೆಯ, ಕೊಳೆಯುವ ಪ್ಲಾಸ್ಟಿಕ್ ಬೆರೆಸುವುದು. ಅದು ಎಳೆದರೆ ಚೆನ್ನಾಗಿ ಹಿಗ್ಗುತ್ತದೆ, ಸುಮಾರು 120 ಡಿಗ್ರಿಗೇ ಕರಗುತ್ತದೆ.

ಪಿಬಿಎಟಿ ಅಂದಾಗ ನೆನಪಾಯಿತು. ಲಿಗ್ನಿನ್ ಹಾಕಿದ ಪಿಬಿಎಟಿಯನ್ನು ತೆಳ್ಳಗೆ ಒತ್ತಿ, ನೂರರ ನೋಟಿನ ಮೇಲಿಟ್ಟು ಯುವಿ ಟಾರ್ಚ್ ಬಿಟ್ಟೆ. ಬರೀ ನೋಟಿನಲ್ಲಿ ಹೊಳೆಯುವ ನಂಬರು ಹಾಳೆಯ ಕೆಳಗೆ ಕಾಣಲೇ ಇಲ್ಲ. ಬಣ್ಣಕ್ಕೆ ಬಣ್ಣ, ಬಿಸಿಲಿಗೆ ತಡೆ, ಎರಡೂ ಒಂದೇ ಪುಡಿಯಿಂದ!

ಆದ್ದರಿಂದ ಮುಂದಿನ ಕೆಲಸ ಒಂಟಿ ಕಣ್ಣಿನ (ಒಂದೇ ಮೊಗ್ಗಿರುವ ತುಂಡಿನ) ಕಬ್ಬಿನ ಸಸಿ ಬೆಳೆಸುವ ಕುಂಡ. ಪಿಎಲ್‌ಎ ಕೊಳೆತು ಮಣ್ಣಾಗಲು ಸುಮಾರು 60 ಡಿಗ್ರಿ ಬಿಸಿಯ ಕಾಂಪೋಸ್ಟ್ ಬೇಕು, ಸುಮ್ನೆ ಹೊಲದಲ್ಲಿ ಹೂತರೆ ವರ್ಷಗಟ್ಟಲೆ ಹಾಗೇ ಇರುತ್ತದೆ. ಹಾಗಾಗಿ ಕುಂಡಕ್ಕೆ, ಮಣ್ಣಿನಲ್ಲೂ ನಿಧಾನವಾಗಿ ಕೊಳೆಯುವ ಪಿಬಿಎಟಿ ಜಾಸ್ತಿ ಇರಬೇಕು. ಅಚ್ಚಿಗೆ ಅಲ್ಯೂಮಿನಿಯಂ ಕೊರೆಸಬೇಕು. ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದೇ ಪೀಸ್ ಆದರೂ ಸಿಎನ್‌ಸಿಯಲ್ಲಿ (ಕಂಪ್ಯೂಟರ್ ನಡೆಸುವ ಕೊರೆಯುವ ಯಂತ್ರ) ಮಾಡಿಕೊಡುವವರು ಗೊತ್ತಿದ್ದರೆ ತಿಳಿಸಿ.